ಅನಧಿಕೃತ ಧೈರ್ಯ

ನೌಕರರ ಸದ್ಗುಣಗಳು ಸಂಸ್ಥೆಯ ಸ್ವತ್ತು, ಅವನ್ನು ಉಗ್ರಾಣದಿಂದ ಕ್ರಮಬದ್ಧವಾಗಿ ಪಡೆದು ಪಾಳಿ ಮುಗಿದ ಕೂಡಲೇ ಹಿಂದಿರುಗಿಸತಕ್ಕದ್ದು ಎಂಬ ನಿಯಮ ಸದ್ಯಕ್ಕೆ ನಮ್ಮ ಕಾರ್ಖಾನೆಯಲ್ಲಿ ಮಾತ್ರ ಜಾರಿಯಲ್ಲಿದೆ. ಆ ನಿಯಮದ ಕನ್ನಡ ಬರೆದವನು ನಾನು. ಆಡಳಿತ ವಿಭಾಗದಲ್ಲಿ ಸುತ್ತೋಲೆ ಬರೆಯುವುದೇ ನನ್ನ ಕೆಲಸ. 'ತತ್ಸಂಬಂಧವಾಗಿ' ಎಂಬ ಪದವನ್ನು ಯಾವ ಸಾಲಿನಲ್ಲಿ ಇಟ್ಟರೆ ಓದುವವರು ಅಲ್ಲಿಗೇ ಓದು ನಿಲ್ಲಿಸಿ ಸಹಿ ಹಾಕುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಕಲಿತ ವಿದ್ಯೆ ಅದೊಂದೇ.

ಸುವರ್ಣಾದ್ರಿ ಗೇರ್ ಕಾರ್ಖಾನೆ ಕೆಜಿಎಫ್‌ನಲ್ಲಿ ಮೈಸೂರು ಮೈನ್ಸ್ ದಾಟಿದ ಮೇಲೆ, ಚಿನ್ನದ ಗಣಿಯ ತ್ಯಾಜ್ಯ ಮಣ್ಣು ಸುರಿದು ಆದ ಸೈನೈಡ್ ಗುಡ್ಡದ ಮಗ್ಗುಲಲ್ಲೇ ಇದೆ. ಗಾಳಿ ಬೀಸಿದರೆ ಗುಡ್ಡದ ಧೂಳು ಎದ್ದು ಬಂದು ನಮ್ಮ ಕಡತಗಳ ಮೇಲೆ ಕೂರುತ್ತದೆ. ನಮ್ಮ ಕಡತಗಳು ಅಲ್ಲಾಡುವ ಪೈಕಿ ಅಲ್ಲವಾದ್ದರಿಂದ ಧೂಳಿಗೂ ಕೂತ ಕಡೆ ನೆಮ್ಮದಿ.

ಊರಿನ ಒಂದು ಪದ್ಧತಿಯನ್ನು ಮೊದಲೇ ಹೇಳಿಬಿಡಬೇಕು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಳಗೆ ಇಳಿಯುವವನು ಹಲಗೆಯ ಮೇಲಿನ ಮೊಳೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯುತ್ತಿದ್ದ. ಮೇಲೆ ಬಂದವನು ಅದನ್ನು ಅದೇ ಮೊಳೆಗೆ ತಗುಲಿಸುತ್ತಿದ್ದ. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಭೂಮಿಯ ಒಳಗೆ ಇದ್ದಾನೆ ಎಂದು ಲೆಕ್ಕ. ಗಣಿ ಮುಚ್ಚಿಹೋಯಿತು, ಬಿಲ್ಲೆಯ ಮೇಲಿನ ಭಕ್ತಿ ಹೋಗಲಿಲ್ಲ. ನಮ್ಮ ಉಗ್ರಾಣದಲ್ಲಿ, ಅಂದರೆ ಎಲ್ಲರ ಬಾಯಲ್ಲಿ ಸ್ಟೋರ್ಸ್‌ನಲ್ಲಿ, ಇವತ್ತಿಗೂ ಸ್ಪ್ಯಾನರ್ ಬೇಕಾದವನು ತನ್ನ ಬಿಲ್ಲೆಯನ್ನು ಸ್ಪ್ಯಾನರಿನ ಮೊಳೆಗೆ ತಗುಲಿಸಿ ಒಯ್ಯಬೇಕು. ಬಿಲ್ಲೆ ಮೊಳೆಯಲ್ಲಿಲ್ಲದೆ ಸಾಮಾನು ಹೊರಗೆ ಕಂಡರೆ ಅದು ಕಳ್ಳತನ. ಇದರಲ್ಲಿ ಯಾರಿಗೂ ಎರಡು ಮಾತಿಲ್ಲ.

ಹೀಗಿರುವಾಗ ನಮ್ಮ ಡಿಜಿಎಂ ಉಮಾಮಹೇಶ್ವರಿ ಮೇಡಂ ಬೆಂಗಳೂರಿನಿಂದ ಒಬ್ಬ ತಜ್ಞರನ್ನು ಕರೆಸಿ ಎಲ್ಲರಿಗೂ ವ್ಯಕ್ತಿತ್ವ ಪರೀಕ್ಷೆ ಮಾಡಿಸಿದರು. ತಜ್ಞರು ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, ನೀವು ಮರವಾಗಿದ್ದರೆ ಯಾವ ಮರವಾಗಿರುತ್ತಿದ್ದಿರಿ ಎಂದು ಕೇಳಿದರು. ಅರ್ಧ ಜನ ಹುಣಸೆ ಎಂದರು, ಮಿಕ್ಕವರು ಪಕ್ಕದವನದ್ದನ್ನು ನೋಡಿ ಬರೆದರು. ಮನುಷ್ಯನ ನಡತೆ ಅವನ ಸ್ವಭಾವ, ಅವನ ನಂಬಿಕೆ, ಅವನೊಳಗಿನ ಶಕ್ತಿ ಈ ಮೂರರ ಮೇಲೆ ನಿಂತಿದೆ ಎಂದು ಹೇಳಿ, ಊಟ ಮಾಡಿ, ಅವರು ಬೆಂಗಳೂರಿಗೆ ವಾಪಸ್ ಹೋಗುವ ಸ್ವರ್ಣಾ ರೈಲು ಹತ್ತಿದರು. ಅದರ ಮೇಲೆ ಮೇಡಂ ಒಂದು ಸುತ್ತೋಲೆ ಹೊರಡಿಸಿದರು: "ನೌಕರರಲ್ಲಿರುವ ಸದ್ಗುಣಗಳನ್ನು ಗುರುತಿಸಿ, ವರ್ಗೀಕರಿಸಿ, ಗರಿಷ್ಠ ಬಳಕೆಗೆ ಒದಗಿಸತಕ್ಕದ್ದು."

ಈಗ ನೀವೇ ಹೇಳಿ, ಯಾವುದೇ ಕಾರ್ಖಾನೆಯಲ್ಲಿ ಗುರುತಿಸಿ, ವರ್ಗೀಕರಿಸಿ, ಬಳಕೆಗೆ ಒದಗಿಸುವ ವಿಭಾಗ ಯಾವುದು? ಸುತ್ತೋಲೆ ನೇರವಾಗಿ ಸ್ಟೋರ್ಸ್‌ಗೆ ಹೋಯಿತು.

ಸ್ಟೋರ್‌ಕೀಪರ್ ವಿಶ್ವನಾಥ್ ದಾವಣಗೆರೆ ಕಡೆಯವರು. ಸ್ಟೋರ್ಸ್‌ನ ಪೆನ್ಸಿಲಿನಲ್ಲಿ ಸ್ವಂತ ಹೆಸರು ಕೂಡ ಬರೆಯದ ಮನುಷ್ಯ. ಅವರು ಸುತ್ತೋಲೆಯನ್ನು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿ, ಯಂತ್ರಶಾಲೆಯಲ್ಲಿ ಹಿತ್ತಾಳೆ ತಗಡು ಕತ್ತರಿಸಿ ಬಿಲ್ಲೆಗಳನ್ನು ಮಾಡಿಸಿದರು. ಪ್ರತಿ ಬಿಲ್ಲೆಯ ಮೇಲೂ ಒಂದೊಂದು ಗುಣವನ್ನು ಕೆತ್ತಿಸಿದರು. ಸಹನೆ, ಸತ್ಯ, ಔದಾರ್ಯ, ಏಕಾಗ್ರತೆ, ಕೃತಜ್ಞತೆ, ಹೀಗೆ. ತಗಡು ಸಾಲದ್ದರಿಂದ ಧೈರ್ಯ ಒಂದೇ ಒಂದು ಆಯಿತು. ಬೇಕಾದವರು ತಮ್ಮ ನಂಬರಿನ ಬಿಲ್ಲೆ ಮೊಳೆಗೆ ತಗುಲಿಸಿ ಗುಣವನ್ನು ಕೊರಳಿಗೆ ಹಾಕಿಕೊಂಡು ಹೋಗಬಹುದು, ಸೈರನ್ ಆದ ಕೂಡಲೇ ತಂದು ಒಪ್ಪಿಸಬೇಕು.

ಬಿಲ್ಲೆ ಹಾಕಿಕೊಂಡರೆ ಗುಣ ಬರುತ್ತದೆಯೇ ಎಂದು ನೀವು ಕೇಳಬಹುದು. ಬಂತು, ಅದೇ ಸೋಜಿಗ. ಕ್ಯಾಂಟೀನಿನ ಮುನಿರತ್ನಮ್ಮ ಹುಟ್ಟಿದಾಗಿನಿಂದ ಸಾಂಬಾರಿನ ತಳಕ್ಕೆ ಸೌಟು ಇಳಿಸಿದವಳಲ್ಲ. ಔದಾರ್ಯ ಕೊರಳಿಗೆ ಬಿದ್ದ ದಿನ ಎಲ್ಲರ ತಟ್ಟೆಗೂ ತರಕಾರಿ ಬಿತ್ತು, ಕೇಳದೆಯೇ ಎರಡನೇ ವಡೆ ಬಂತು. ಗೇಟಿನ ಸೆಕ್ಯೂರಿಟಿಯವನಿಗೆ 'ವಿಶ್ವಾಸ' ಸಿಕ್ಕಿತ್ತು. ಅವನು ಒಬ್ಬರ ಬ್ಯಾಗನ್ನೂ ತೆರೆಸದೆ ಎಲ್ಲರಿಗೂ ಕೈಮುಗಿದು ಕಳಿಸಿದ, ಆ ವಾರ ತಾಮ್ರದ ಕೇಬಲ್ಲುಗಳು ಬಹಳ ಹಗುರವಾಗಿ ಹೊರಗೆ ಹೋದವು. ಸತ್ಯದ ಬಿಲ್ಲೆಗಳನ್ನಷ್ಟೂ ಖರೀದಿ ವಿಭಾಗದವರು ಮೊದಲ ದಿನವೇ ಒಯ್ದರು. ಬಳಸಿದರೆ ಸವೆದುಹೋದೀತೆಂದು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಇಂದಿಗೂ ಅವು ಹೊಳಪು ಮಾಸದೆ ಅಲ್ಲೇ ಇವೆ. ಆ ವಿಭಾಗದ ಮೇಲೆ ನನಗೆ ಹಳೆಯ ಸಿಟ್ಟು ಇರುವುದು ನಿಜ, ಆದರೆ ಈ ಮಾತು ಸಿಟ್ಟಿನಿಂದ ಹೇಳಿದ್ದಲ್ಲ.

ಬಂದ ಗುಣದ ಹಿಂದೆಯೇ ಇನ್ನೊಂದು ಸಂಗತಿಯೂ ಬಂತು. ಬಿಲ್ಲೆ ಇದ್ದರೆ ಗುಣ ಇದೆ ಎಂದು ನಂಬಿದವರು, ಬಿಲ್ಲೆ ಇಲ್ಲದಿದ್ದರೆ ಇಲ್ಲ ಎಂದೂ ನಂಬತೊಡಗಿದರು. ಸಹನೆ ಸಿಗದ ದಿನ ನಮ್ಮ ಸೆಕ್ಷನ್ನಿನವರು ಯಾವ ಅಳುಕೂ ಇಲ್ಲದೆ ಕೂಗಾಡುತ್ತಿದ್ದರು. ಯಾಕ್ರೀ ಎಂದರೆ, "ಸ್ಟಾಕ್ ಇಲ್ಲ ಸಾರ್" ಎನ್ನುವರು.

ಕ್ರೇನ್ ಓಡಿಸುವ ವೆಂಕಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಏಕಾಗ್ರತೆ ಪಡೆಯುತ್ತಿದ್ದ. ಅವನಿಗೆ ಅದು ಬೇಕಾದದ್ದೇ, ಟನ್‌ಗಟ್ಟಲೆ ಕಬ್ಬಿಣವನ್ನು ಜನರ ತಲೆಯ ಮೇಲೆ ಸಾಗಿಸುವವನು. ಆದರೆ ಅವನು ಅದನ್ನು ಹತ್ತು ಗಂಟೆಗೆ ಅಕೌಂಟ್ಸ್‌ನವರಿಗೆ ಬಾಡಿಗೆ ಕೊಡುತ್ತಿದ್ದ.

"ಒಂದು ಟೀ, ಒಂದು ಬನ್ನು. ಸೈರನ್ ಒಳಗೆ ವಾಪಸ್ ಕೊಟ್‌ಬಿಡ್ಬೇಕು, ಆಮೇಲೆ ನನ್ ಮೇಲೆ ಬರಬಾರ್ದು" ಎನ್ನುತ್ತಿದ್ದ.

ಇವರ ನಡುವೆ ಯಾವ ಬಿಲ್ಲೆಯ ಗೋಜಿಗೂ ಹೋಗದವನು ಚಿಕ್ಕಮುನಿಯಪ್ಪ. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯವನು, ಕ್ರೇನಿನ ಕೆಳಗೆ ನಿಂತು ರೋಪ್ ಬಿಗಿಯುವ ಖಲಾಸಿ. ಡೈರಿಗೆ ಹಾಲು ಹಾಕಿ, ಹಳೆಯ ಟಿವಿಎಸ್ ಹತ್ತಿ ಕೆಲಸಕ್ಕೆ ಬರುತ್ತಿದ್ದ. ಬಹಳ ವರ್ಷದಿಂದ ಗುತ್ತಿಗೆಯಲ್ಲೇ ಇದ್ದು ಈ ಸಲ ಕಾಯಂ ಆಗುವವರ ಸಾಲಿನಲ್ಲಿ ಅವನ ಹೆಸರೂ ಇತ್ತು. ಅವನಿಗೆ ಕಾಯಂ ಕೆಲಸ ಬೇಕಾಗಿದ್ದು ಮಂಗಮ್ಮನ ಮೊಣಕಾಲಿಗೆ. ಅವನ ಹೆಂಡತಿ ಮಂಗಮ್ಮ ಹಸುವಿನ ಕೆಳಗೆ ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಕಾಯಂ ಆದವರ ಮನೆಯವರಿಗೆ ಸಂಸ್ಥೆಯೇ ಆಪರೇಷನ್ ಮಾಡಿಸುತ್ತದೆ. ಅದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದನೆಂದರೆ, ಅವಳ ಎಡಮೊಣಕಾಲು ಯಾವುದು, ಬಲ ಯಾವುದು, ಯಾವುದು ಮಳೆಗಾಲದಲ್ಲಿ ಹೆಚ್ಚು ನೋಯುತ್ತದೆ ಎಂಬುದು ನನಗೂ ಗೊತ್ತಾಗಿಹೋಗಿತ್ತು.

"ಬಿಲ್ಲೆ ಗಿಲ್ಲೆ ನಮಗ್ಯಾಕ್ ಸಾರ್," ಎನ್ನುತ್ತಿದ್ದ. "ಕಳ್ದೋದ್ರೆ ಸಂಬ್ಳದಾಗ್ ಇಡ್ಕೋತಾರೆ."

ಸದ್ಗುಣಗಳ ವಾರ್ಷಿಕ ತಪಾಸಣೆ ನಡೆದದ್ದು ಒಂದು ಶುಕ್ರವಾರ ಮಧ್ಯಾಹ್ನ. ವಿಶ್ವನಾಥ್ ಸ್ಟೋರ್ಸ್‌ನಲ್ಲಿ ಉಳಿದಿದ್ದ ಬಿಲ್ಲೆಗಳನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿ ತುಂಬಿ ಆಡಳಿತ ಕಚೇರಿಗೆ ಹೊರಟರು, ಸಾಕ್ಷಿಗೆ ನಾನು ಹಿಂದೆ ಹೊರಟೆ. ದಾರಿ ಕ್ರೇನಿನ ಕೆಳಗೇ ಹಾದುಹೋಗುತ್ತದೆ. ಮೇಲೆ ಎರಕ ಹೊಯ್ದ ಎರಡು ಟನ್ನಿನ ಗೇರ್ ಕಾಸ್ಟಿಂಗ್ ತೂಗುತ್ತಿತ್ತು. ವೆಂಕಿಯ ಏಕಾಗ್ರತೆ ಅಕೌಂಟ್ಸ್‌ನಲ್ಲಿತ್ತು. ಅವನು ಮೇಲೆ ಕೂತು ಮೊಬೈಲಿನಲ್ಲಿ ಏನೋ ನೋಡುತ್ತಾ ಲಿವರ್ ಎಳೆದ. ಕ್ರೇನ್ ಜಗ್ಗಿತು, ರೋಪ್ ಜಾರಿತು.

"ಅಣ್ಣೋ, ತಪ್ಪುಕೋ! ಪಡಿಪೋತಾ ಐತೆ!" ಜರುಗು, ಬೀಳುತ್ತಿದೆ ಎಂಬುದನ್ನು ವೆಂಕಿ ಮೇಲಿನಿಂದ ತೆಲುಗು ಕನ್ನಡ ಎರಡರಲ್ಲೂ ಕಿರುಚಿದ.

ವಿಶ್ವನಾಥ್ ತಲೆಯೆತ್ತಿ ನೋಡಿ ಅಲ್ಲೇ ನಿಂತುಬಿಟ್ಟರು. ನಾನೂ ನಿಂತೆ. ಸುತ್ತ ಇದ್ದವರೆಲ್ಲ ನಿಂತೆವು. ಒಬ್ಬ ಮಾತ್ರ ಸ್ಟೋರ್ಸ್ ಕಡೆಗೆ ಓಡಿದ. ಧೈರ್ಯ ತರಲು ಓಡಿದೆ ಎಂದು ಆಮೇಲೆ ಹೇಳಿದ. ಚಿಕ್ಕಮುನಿಯಪ್ಪ ಎಲ್ಲಿದ್ದನೋ ಏನೋ, ಕಾಸ್ಟಿಂಗ್ ಕೆಳಗೇ ನುಗ್ಗಿ ಬಂದು ವಿಶ್ವನಾಥ್ ಅವರ ಕಾಲರ್ ಹಿಡಿದು, ಮೊಂಡು ಕರುವನ್ನು ಎಳೆದ ಹಾಗೆ ದರದರನೆ ಎಳೆದುಕೊಂಡು ಆಚೆ ಬಿದ್ದ. ಹಿಂದೆಯೇ ಎರಡು ಟನ್ ಕಬ್ಬಿಣ ಪೆಟ್ಟಿಗೆಯ ಮೇಲೆ ಕೂತಿತು. ಸಂಸ್ಥೆಯ ಸಹನೆ, ಔದಾರ್ಯ, ಕೃತಜ್ಞತೆ ಎಲ್ಲವೂ ನೆಲಕ್ಕೆ ಹತ್ತಿಕೊಂಡವು.

ವಿಶ್ವನಾಥ್ ಎದ್ದು ಕೂತರು. "ಪೆಟ್ಟಿಗೆ?" ಎಂದರು ಮೊದಲು. ಆಮೇಲೆ ಚಿಕ್ಕಮುನಿಯಪ್ಪನ ಮುಖ ನೋಡಿದರು. ಅವನ ಮೊಣಕೈ ತರಚಿ ರಕ್ತ ಬರುತ್ತಿತ್ತು. ವಿಶ್ವನಾಥ್ ಬಾಯಿ ತೆರೆದು, ಏನೋ ನೆನಪಾಗಿ ಮುಚ್ಚಿದರು.

"ಕೃತಜ್ಞತೆ ಪೆಟ್ಟಿಗೆಯೊಳಗಿತ್ತಪ್ಪ. ಹೊಸದು ಬರಲಿ, ಹೇಳ್ತೀನಿ."

"ಆಗ್ಲಿ ಸಾರ್, ಅರ್ಜೆಂಟೇನಿಲ್ಲ" ಎಂದ ಚಿಕ್ಕಮುನಿಯಪ್ಪ, ಅವರ ಅಂಗಿಯ ಧೂಳು ಕೊಡವುತ್ತಾ.

ಹೊಸ ಬಿಲ್ಲೆಗಳು ಬರುವವರೆಗೆ ಕಾರ್ಖಾನೆ ಯಾವ ಸದ್ಗುಣವೂ ಇಲ್ಲದೆ ನಡೆಯಿತು. ಉತ್ಪಾದನೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಈ ಅಂಶವನ್ನು ವರದಿಯಲ್ಲಿ ಸೇರಿಸುವುದು ಬೇಡವೆಂದು ಮೇಲಿನಿಂದ ಸೂಚನೆ ಬಂದದ್ದರಿಂದ ಸೇರಿಸಿಲ್ಲ.

ಅಪಘಾತದ ವರದಿ ಬರೆಯುವಾಗ ಒಂದು ತೊಡಕು ಎದ್ದಿತು. ವಿಶ್ವನಾಥ್ ಬದುಕಿರುವುದು ಕಣ್ಣಿಗೆ ಕಾಣುತ್ತಿತ್ತು, ಅಂದಮೇಲೆ ಯಾರೋ ಧೈರ್ಯ ಬಳಸಿರಬೇಕು. ಆ ದಿನ ಧೈರ್ಯದ ಮೊಳೆಯಲ್ಲಿ ತೂಗುತ್ತಿದ್ದದ್ದು ಸೂಪರ್‌ವೈಸರ್ ಸುಧಾಕರ್ ಅವರ ನಂಬರು. ಸುಧಾಕರ್ ಅಂದು ಮೇಡಂ ಹತ್ತಿರ ರಜೆ ಕೇಳಲು ಧೈರ್ಯ ಪಡೆದಿದ್ದರು. ಧೈರ್ಯ ಬಂದ ಮೇಲೆ ಕೇಳುವ ಅಗತ್ಯ ಕಾಣದೆ ಹಾಗೇ ಹೊರಟುಹೋಗಿದ್ದರು. ಕಾಸ್ಟಿಂಗ್ ಬಿದ್ದ ಹೊತ್ತಿಗೆ ಅವರು ಬಂಗಾರಪೇಟೆಯಲ್ಲಿ ನಿಂತು ಪಾನಿಪೂರಿ ತಿನ್ನುತ್ತಿದ್ದರು. ಹಾಗಾದರೆ ಚಿಕ್ಕಮುನಿಯಪ್ಪ ಬಳಸಿದ್ದು ಯಾವ ಧೈರ್ಯ?

ಅವನಿಗೆ ಕೊಡಲು ಮೆಮೊ ನಾನೇ ಬರೆದೆ. "ನೀವು ಸ್ಟೋರ್ಸ್‌ನಿಂದ ಪಡೆಯದ ಧೈರ್ಯವನ್ನು ಕಾರ್ಖಾನೆಯ ಆವರಣದಲ್ಲಿ ಬಳಸಿರುವುದು ಕಂಡುಬಂದಿದೆ. ಸದರಿ ಧೈರ್ಯವು ಸಂಸ್ಥೆಯದ್ದಾಗಿದ್ದಲ್ಲಿ ಅದು ಕಳವು. ಹೊರಗಿನದ್ದಾಗಿದ್ದಲ್ಲಿ ಗೇಟ್ ಪಾಸ್ ಇಲ್ಲದೆ ಒಳತಂದ ಅಪರಾಧ. ಎರಡೂ ಅಲ್ಲವಾದಲ್ಲಿ ಅದರ ಮೂಲವನ್ನು ವಿವರಿಸತಕ್ಕದ್ದು. ತತ್ಸಂಬಂಧವಾಗಿ ವಿಚಾರಣೆ ಮುಗಿಯುವವರೆಗೆ ತಮ್ಮನ್ನು ಕಾಯಂಗೊಳಿಸುವ ಪ್ರಸ್ತಾವವನ್ನು ತಡೆಹಿಡಿಯಲಾಗಿದೆ."

ಅವನು ಆ ಮೆಮೊವನ್ನು ತೆಗೆದುಕೊಂಡು ನನ್ನ ಹತ್ತಿರವೇ ಬಂದ.

"ಏನ್ ಬರ್ದವ್ರೆ ಸಾರ್ ಇದ್ರಾಗೆ?"

"ನಾನೇ ಬರೆದದ್ದು, ಮುನಿಯಪ್ಪ."

"ಬೋ ಚೆಂದಾಗೈತೆ ಸಾರ್. ಏನಂತ?"

"ಧೈರ್ಯ ಎಲ್ಲಿಂದ ತಂದೆ ಅಂತ ಕೇಳಿದ್ದಾರೆ."

ಅವನು ಮೆಮೊವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. "ನಾನೇನೂ ತಂದಿಲ್ಲ ಸಾರ್, ಆಣೆಗೂ. ಬುತ್ತಿ ಒಂದ್ ತಂದಿದ್ದೆ. ಮುದ್ದೆ, ಅವ್ರೆಕಾಳ್ ಸಾರು." ಆಮೇಲೆ ತಗ್ಗಿದ ದನಿಯಲ್ಲಿ, "ಕಾಯಂ ನಿಲ್ಸವ್ರಾ ಸಾರ್?" ಎಂದ. ನಾನು ಹೌದು ಎಂದೆ. ಮೆಮೊವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ಟಿವಿಎಸ್ಸನ್ನು ತಳ್ಳಿಕೊಂಡೇ ಗೇಟಿನವರೆಗೆ ಹೋದ. ಅದು ಕೆಟ್ಟಿರಲಿಲ್ಲ.

ವಿಚಾರಣೆ ನಡೆಸಿದವರು ಸ್ವತಃ ಉಮಾಮಹೇಶ್ವರಿ ಮೇಡಂ. ಅವರು ಕೆಟ್ಟವರಲ್ಲ, ನಿಯಮದಲ್ಲಿ ಜಾಗವಿದ್ದರೆ ಕರುಣೆ ತೋರುವವರೇ. ಆ ದಿನ ಹೊಸದಾಗಿ ಮಾಡಿಸಿದ 'ನಿಷ್ಪಕ್ಷಪಾತ' ಬಿಲ್ಲೆ ಹಾಕಿಕೊಂಡು ಬಂದಿದ್ದರು. ಮೊದಲ ಸಾಕ್ಷಿ ವಿಶ್ವನಾಥ್.

"ನಡೆದದ್ದನ್ನು ಹೇಳಿ."

"ಚಿಕ್ಕಮುನಿಯಪ್ಪ ನನ್ನ ಜೀವ ಉಳಿಸಿದ, ಮೇಡಂ."

"ಸತ್ಯದ ಬಿಲ್ಲೆ ಪಡೆದಿದ್ದೀರಾ?"

ವಿಶ್ವನಾಥ್ ತಲೆ ತಗ್ಗಿಸಿದರು. "ಖರೀದಿ ವಿಭಾಗದವರು ಬಿಡ್ತಾ ಇಲ್ಲ ಮೇಡಂ."

"ಹಾಗಾದರೆ ಇದನ್ನು ಅಭಿಪ್ರಾಯ ಎಂದು ಬರೆದುಕೊಳ್ಳಿ" ಎಂದು ಮೇಡಂ ನನಗೆ ಹೇಳಿದರು. ಬರೆದುಕೊಂಡೆ. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ನಾನು ಅಲ್ಲಿ ಕಾರ್ಯದರ್ಶಿ. ಕಾರ್ಯದರ್ಶಿಯಾದವನು ಬೇರೆಯವರು ಹೇಳಿದ್ದನ್ನು ಬರೆಯಬೇಕೇ ಹೊರತು ಕಂಡದ್ದನ್ನು ಹೇಳುವಂತಿಲ್ಲ.

ಅನಂತರ ಬುತ್ತಿಯ ವಿಷಯ ಬಂತು. ರಾಗಿ ಮುದ್ದೆಯಲ್ಲಿ ಧೈರ್ಯದ ಅಂಶ ಇರಬಹುದೇ ಎಂದು ಮುನಿರತ್ನಮ್ಮನನ್ನು ಕರೆಸಿ ಕೇಳಲಾಯಿತು. "ಮುದ್ದೇಲಿ ದೈರ್ಯ ಇದ್ದಿದ್ರೆ ನಮ್ ಜಿಲ್ಲೇಲಿ ಒಬ್ರೂ ಅಧಿಕಾರಿಗೋಳ್ಗೆ ಎದರ್ತಿರ್ಲಿಲ್ಲ ಮೇಡಂ" ಎಂದು ಅವಳು ಹೇಳಿದ್ದರಿಂದ ಆ ಸಾಧ್ಯತೆಯನ್ನು ಕೈಬಿಡಲಾಯಿತು. ಮೇಡಂ ಚಿಕ್ಕಮುನಿಯಪ್ಪನ ಕಡೆ ತಿರುಗಿದರು.

"ಓಡುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?"

"ಮನ್ಸು ಓಡ್ಲಿಲ್ಲ ಮೇಡಂ. ಕಾಲು ಓಡ್ತು."

"ಕಾಲಿಗೆ ಅನುಮತಿ ಕೊಟ್ಟವರು ಯಾರು?"

ಅವನು ಬಗ್ಗಿ ತನ್ನ ಕಾಲುಗಳನ್ನೇ ನೋಡಿಕೊಂಡ. ಮೂಲ ತಿಳಿಯದ ಧೈರ್ಯ ಎಂದು ಬರೆಯಬೇಕಾಗುತ್ತದೆ, ಹಾಗೆ ಬರೆದರೆ ಕೆಲಸದಿಂದ ತೆಗೆಯುವುದನ್ನು ಬಿಟ್ಟು ಬೇರೆ ದಾರಿಯಿಲ್ಲ ಎಂದು ಮೇಡಂ ನಿಜವಾಗಿಯೂ ಬೇಸರದಿಂದ ಹೇಳಿದರು. ಆಗ ಬಾಗಿಲ ಹತ್ತಿರ ಗದ್ದಲವಾಯಿತು. ಮಂಗಮ್ಮ ಬಂದಿದ್ದಳು. ಕ್ಯಾಸಂಬಳ್ಳಿ ಬಸ್ಸಿಳಿದು ಗೇಟಿನಿಂದ ಅಲ್ಲಿಯವರೆಗೆ ಗೋಡೆ ಹಿಡಿದುಕೊಂಡು ನಡೆದು ಬಂದಿದ್ದಳು. ಯಾರೋ ಕುರ್ಚಿ ಕೊಟ್ಟರು. ಕೂತರೆ ಮತ್ತೆ ಏಳಲು ಕಷ್ಟವೆಂದು ನಿಂತೇ ಇದ್ದಳು.

"ನೀವು ಯಾರಮ್ಮ?"

"ಈವಪ್ಪನ ಎಂಡ್ತಿ, ತಾಯಿ. ಏನೋ ದೈರ್ಯ ಮಾಡವ್ನೆ ಅಂತ ಇಡ್ಕೊಂಡಿದ್ದೀರಂತೆ."

"ಹೌದು. ಅದು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು."

"ದೈರ್ಯವಾ? ಈವಪ್ಪಂಗಾ?" ಮಂಗಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಜಿರಲೆ ಆರಿದ್ರೆ ಮಂಚದ್ ಮ್ಯಾಲೆ ಅತ್ಕೋತಾನೆ ತಾಯಿ. ಸೂಜಿ ಅಂದ್ರೆ ಆಸ್ಪತ್ರೆ ಗೇಟ್ನಾಗಿಂದ್ಲೇ ವಾಪಸ್ ಬತ್ತಾನೆ. ಡೈರಿ ಕಾರ್ಯದರ್ಸಿ ಆಲ್ನಾಗೆ ನೀರೈತೆ ಅಂತ ಸುಳ್ ಏಳಿದ್ರೂ, ಊಂ ಸಾಮಿ ಅಂತ ಬತ್ತಾನೆ. ನಾನ್ ಕೆಮ್ಮಿದ್ರೆ ಬೀಡಿ ಬಿಸಾಕ್ತಾನೆ. ಇಂಥೋನ್ಗೆ ದೈರ್ಯ ಎಲ್ಲಿಂದ ಬಂದಾತು?"

"ಹಾಗಾದರೆ ಅವತ್ತು ಓಡಿದ್ದು?"

"ಎದ್ರಿ ಓಡವ್ನೆ. ಎದ್ರಿದೋನು ಯಾವ್ ಕಡೀಕ್ ಓಡ್ತಾ ಇದ್ದೀನಿ ಅಂತ ನೋಡ್ಕೊಂಡ್ ಓಡ್ತಾನಾ? ಗಾಬ್ರೀಲಿ ಕೈಗ್ ಸಿಕ್ಕಿದ್ದು ಇಡ್ಕೊಂಡವ್ನೆ. ಅದು ಈ ಸಾರ್ ಕಾಲರ್ರು."

ಮೇಡಂ ಮುಖ ಅರಳಿತು. ಸ್ಟೋರ್ಸ್‌ನ ಸಾಮಾನುಗಳಲ್ಲಿ ಭಯ ಇದೆಯೇ ಎಂದು ವಿಶ್ವನಾಥ್ ಅವರನ್ನು ಕೇಳಿದರು. ಇಲ್ಲ ಎಂದು ಅವರು ಹೇಳಿದರು. ಅಂದಮೇಲೆ ಭಯ ನೌಕರರ ಸ್ವಂತ ಆಸ್ತಿ, ಅದನ್ನು ಅವರು ಮನೆಯಿಂದ ತರಬಹುದು, ಎಲ್ಲರೂ ತರುತ್ತಲೂ ಇದ್ದಾರೆ, ಇದಕ್ಕೆ ಗೇಟ್ ಪಾಸ್ ಬೇಕಿಲ್ಲ ಎಂದು ತೀರ್ಮಾನವಾಯಿತು. ಇನ್ನು ಅವನ ಒಪ್ಪಿಗೆ ಒಂದೇ ಬಾಕಿ.

"ಚಿಕ್ಕಮುನಿಯಪ್ಪ, ನೀವು ಹೇಡಿ ಅಂತ ಒಪ್ಪಿಕೊಳ್ಳುತ್ತೀರಾ?"

ಅವನು ಮೇಡಂ ಮುಖ ನೋಡಲಿಲ್ಲ, ನನ್ನ ಮುಖ ನೋಡಲಿಲ್ಲ. ಮಂಗಮ್ಮನ ಸೀರೆಯ ನೆರಿಗೆಯ ಕಡೆ, ಅಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಅವಳು ನಿಂತಿದ್ದ ಕಡೆ ನೋಡುತ್ತಿದ್ದ.

"ಊಂ ಮೇಡಂ" ಎಂದ.

ನಾನು ಬರೆದುಕೊಂಡೆ. ಎಷ್ಟೋ ಸುಳ್ಳುಗಳನ್ನು ಅಂದವಾದ ಕನ್ನಡದಲ್ಲಿ ಬರೆದ ಕೈ ಇದು, 'ಹೇಡಿ' ಎಂಬ ಒಂದು ಪದದಲ್ಲಿ ಕಾಗುಣಿತ ತಪ್ಪಿತು. ವಿಶ್ವನಾಥ್ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಹೇಳಿಕೆಗೆ ಚಿಕ್ಕಮುನಿಯಪ್ಪನ ಸಹಿ ಹಾಕಿಸಿಕೊಳ್ಳಲು ನಾನು ಹಿಂದೆ ಹೋದಾಗ ಗಂಡ ಹೆಂಡತಿ ಗೇಟಿನ ಹೊರಗೆ ಹುಣಸೆ ಮರದ ಕೆಳಗಿದ್ದರು. ಒಳಗೆ ಅಷ್ಟು ನಕ್ಕಿದ್ದ ಮಂಗಮ್ಮ ಈಗ ಅಳುತ್ತಿದ್ದಳು.

"ನನ್ ಮೊಣಕಾಲಿಗೋಸ್ಕರ ನಾಲ್ಕ್ ಜನದ್ ಮುಂದೆ ನಿನ್ ಮರ್ವಾದೆ ತೆಗೆದ್ಬಿಟ್ಟೆ ಕಣಯ್ಯಾ. ನೀನು ಎಂಥೋನು ಅಂತ ನಂಗೊತ್ತಿಲ್ವಾ?"

"ಓಗ್ಲಿ ಬಿಡು" ಎಂದ ಅವನು. "ಸೂಜೀದ್ ಸುಳ್ ಏಳಿದ್ದು ಸರಿ. ಕಾರ್ಯದರ್ಸೀದೂ ಸರಿ. ಆ ಜಿರಲೇದ್ ಯಾಕ್ ಏಳಾಕ್ ಓದೆ? ಅದು ನಿಜ ಅಲ್ವಾ?" 

ಅವಳು ಅಳುತ್ತಲೇ ನಕ್ಕು, ಅವನ ಹೆಗಲು ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.

ಮುಂದಿನದೆಲ್ಲ ನಿಯಮಾನುಸಾರ ಆಯಿತು. ಚಿಕ್ಕಮುನಿಯಪ್ಪನನ್ನು ಕಾಯಂಗೊಳಿಸುವ ಆದೇಶ ಬಂತು. ಪ್ರಮಾಣಿತ ಹೇಡಿಯಾದ್ದರಿಂದ ಅವನಿಂದ ಸಂಸ್ಥೆಗೆ ಯಾವ ತೊಂದರೆಯೂ ಆಗದು ಎಂದು ಅದರಲ್ಲಿ ಒಂದು ಒಳ್ಳೆಯ ಮಾತೂ ಇತ್ತು. ಮಂಗಮ್ಮನ ಎಡಮೊಣಕಾಲಿನ ಆಪರೇಷನ್ ಚೆನ್ನಾಗಿ ಆಯಿತು, ಬಲದ್ದು ಬರುವ ವರ್ಷಕ್ಕೆ. ವೆಂಕಿ ಏಕಾಗ್ರತೆಯ ಬಾಡಿಗೆಯನ್ನು ಎರಡು ಬನ್ನಿಗೆ ಏರಿಸಿದ. ಕಾರ್ಖಾನೆಯ ಸಂಸ್ಥಾಪನಾ ದಿನದಂದು ವಿಶ್ವನಾಥ್ ಅವರ ಪ್ರಾಣ ಉಳಿಸಿದ ಧೈರ್ಯಕ್ಕಾಗಿ ಸುಧಾಕರ್ ಅವರಿಗೆ ಶಾಲು, ಪೇಟ, ಬೆಳ್ಳಿ ಪದಕ ಕೊಡಲಾಯಿತು. ಆ ದಿನದ ಧೈರ್ಯ ಅವರ ಹೆಸರಿನಲ್ಲಿದ್ದಮೇಲೆ ಬೇರೆಯವರಿಗೆ ಕೊಡುವುದು ಹೇಗೆ?

ಸುಧಾಕರ್ ಮೊದಮೊದಲು ಮುಜುಗರಪಟ್ಟರು. ಆದರೆ ಪೇಟ ತಲೆಗೇರಿದ ಮೇಲೆ ಮೈಕಿನ ಮುಂದೆ ನಿಂತು, ತೂಗುತ್ತಿದ್ದ ಕಾಸ್ಟಿಂಗನ್ನು ತಾವು ಹೇಗೆ ನೋಡಿದರೆಂದು ಹೇಳತೊಡಗಿದರು. ಹೇಳುತ್ತಾ ಹೋದಂತೆ ಅವರ ಕೈ ತಾನೇ ಗಾಳಿಯಲ್ಲಿ ಕಾಲರ್ ಹಿಡಿದು ಎಳೆಯಿತು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅಷ್ಟು ಹೊತ್ತಿಗೆ ಪೂರ್ತಿ ನಂಬಿದ್ದರು. ನಾವೂ ನಂಬಿದೆವು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಚಿಕ್ಕಮುನಿಯಪ್ಪ. ಕಾರ್ಯಕ್ರಮ ಮುಗಿದ ಮೇಲೆ ಅವರ ಹತ್ತಿರ ಹೋಗಿ, "ಭಯ ಆಗ್ಲಿಲ್ವಾ ಸಾರ್ ನಿಮ್ಗೆ?" ಎಂದು ಕೇಳಿದ. ಸುಧಾಕರ್ ಅವನ ಬೆನ್ನು ತಟ್ಟಿ, "ಅಭ್ಯಾಸ ಆಗತ್ತೆ ಮುನಿಯಪ್ಪ" ಎಂದರು.

ಬಾಕಿ ಉಳಿದದ್ದು ವಿಶ್ವನಾಥ್ ಅವರ ಕೃತಜ್ಞತೆ. ಸ್ಟೋರ್‌ಕೀಪರ್ ತನಗೆ ತಾನೇ ಸಾಮಾನು ಕೊಟ್ಟುಕೊಳ್ಳುವಂತಿಲ್ಲ, ಅದಕ್ಕೆ ಮೇಲಿನವರ ಮಂಜೂರಾತಿ ಬೇಕು. ಮಂಜೂರಾತಿ ಬರುವ ಹೊತ್ತಿಗೆ ಹೊಸ ಕೃತಜ್ಞತೆಗಳೆಲ್ಲ ವಂದನಾರ್ಪಣೆ ಭಾಷಣಗಳಿಗೆ ಹೋಗಿದ್ದವು. ಚಿಕ್ಕಮುನಿಯಪ್ಪ ದಿನಾ ಸಂಜೆ ಸ್ಟೋರ್ಸ್ ಮುಂದೆ ಹಾದುಹೋಗುವಾಗ ಇಣುಕುತ್ತಿದ್ದ.

"ಬಂತಾ ಸಾರ್?"

"ಹೊರಗಿದೆಯಪ್ಪ."

"ಆಗ್ಲಿ ಸಾರ್."

ಕಳೆದ ವಾರ ಒಂದು ಬಿಲ್ಲೆ ವಾಪಸ್ ಬಂತು, ಪಾಳಿ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತಿದ್ದಾಗ. ವಿಶ್ವನಾಥ್ ಬಂದಿದ್ದ ಮಂಜೂರಾತಿಗೆ ಸಾಕ್ಷಿಯೆಂದು ನನ್ನ ಸಹಿ ಹಾಕಿಸಿಕೊಂಡು, ತಮ್ಮ ನಂಬರನ್ನು ಮೊಳೆಗೆ ತಗುಲಿಸಿ, ಕೃತಜ್ಞತೆಯನ್ನು ಕೊರಳಿಗೆ ಹಾಕಿಕೊಂಡು ಕೌಂಟರಿನಿಂದ ಆಚೆ ಬಂದರು. ಎಂದಿನಂತೆ ಇಣುಕಿದ ಚಿಕ್ಕಮುನಿಯಪ್ಪನ ಎರಡೂ ಕೈಗಳನ್ನು ಹಿಡಿದುಕೊಂಡರು.

"ಮುನಿಯಪ್ಪ, ಅವತ್ತು ನೀನು ಬರದೇ ಇದ್ದಿದ್ದರೆ ನನ್ನ ಮಕ್ಕಳು..." 

ಸೈರನ್ ಆಯಿತು.

ವಿಶ್ವನಾಥ್ ಕೈ ಬಿಟ್ಟರು. ನಿಯಮ ನಿಯಮವೇ. ಒಳಗೆ ಹೋಗಿ ಬಿಲ್ಲೆಯನ್ನು ತೆಗೆದು ಒಪ್ಪಿಸಿ, ತಮ್ಮ ನಂಬರನ್ನು ಬಿಡಿಸಿಕೊಂಡು, ಬೀಗ ಹಾಕಿ ಹೊರಗೆ ಬಂದರು. ಬಿಲ್ಲೆ ಒಪ್ಪಿಸಿದ್ದರೂ ಅವರ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಪಾಳಿ ಮುಗಿದ ಮೇಲೂ, ಮೊಳೆಯಲ್ಲಿ ಅವರ ನಂಬರು ಇಲ್ಲದೆಯೂ. ಅವರು ಗಾಬರಿಯಿಂದ ನನ್ನ ಕಡೆ ನೋಡಿದರು.

"ಗುಡ್ಡದ್ ಧೂಳು ಸಾರ್" ಎಂದ ಚಿಕ್ಕಮುನಿಯಪ್ಪ ನನಗೆ. "ಈ ಒತ್ನಾಗ್ ಕಣ್ಗ್ ಬೀಳ್ತದೆ."

ವಿಶ್ವನಾಥ್ ಹೌದೆಂದು ತಲೆಯಾಡಿಸಿದರು. ಆ ಸಂಜೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನೂ ಕಣ್ಣು ಒರೆಸಿಕೊಂಡು, ಧೂಳು ಎಂದೇ ಬರೆದುಕೊಂಡೆ.